ತೊಳೆಯುವ ಕೋಣೆಯ ರಿಜಿಸ್ಟರು

ನನ್ನ ನಾದಿನಿ ಆಸ್ಪತ್ರೆಯಲ್ಲಿ ಕೊಳವೆ ತೊಳೆಯುವವಳು. ಹೀಗೆಂದರೆ ಕೇಳಿದವರು ನಲ್ಲಿ ರಿಪೇರಿಯೋ ಚರಂಡಿಯೋ ಇರಬೇಕು ಅಂದುಕೊಳ್ಳುತ್ತಾರೆ. ಅದಲ್ಲ. ಹಿಂದಿನಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುತ್ತಾರಲ್ಲ, ಆ ಕೊಳವೆ. ಕಪ್ಪಗೆ, ಕಿರುಬೆರಳಿನಷ್ಟು ದಪ್ಪ, ಆಳುದ್ದ, ತುದಿಯಲ್ಲಿ ಒಂದು ದೀಪ, ಒಂದು ಕ್ಯಾಮೆರಾ. "ನಮ್ಮನೇಲೂ ಒಬ್ಬಳು ಡಾಕ್ಟರಿದಾಳೆ ಕಣ್ರಪ್ಪ, ಹಿತ್ತಿಲ ಬಾಗಿಲಿನ ಡಾಕ್ಟರು" ಎಂದು ನಮ್ಮ ಯಜಮಾನರು ಅಂಗಡಿಗೆ ಬಂದವರನ್ನೆಲ್ಲ ನಗಿಸುತ್ತಿದ್ದರು. ಅವರು ಟೈಲರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅವರು, ನಾನು, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರುವ ಅವರ ತಂಗಿ, ಮೂರೇ ಜನ.

ಅವಳು ಮೊದಲು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇದ್ದಳು. ಒಂಬತ್ತು ವರ್ಷ. ಅಲ್ಲಿ ಅವಳಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ, ಯಾಕೆಂದರೆ ಕಲೆ ಉಳಿದ ಹೊದಿಕೆಯನ್ನು ಮಡಿಸಿ ಇಟ್ಟವರ ಮುಖದ ಮೇಲೇ ಅದನ್ನು ಬಿಡಿಸಿ ತೋರಿಸುತ್ತಿದ್ದಳು. ಒಂದು ದಿನ ಕರುಳು ನೋಡುವ ದೊಡ್ಡ ಡಾಕ್ಟರು ಅದನ್ನು ಕಂಡು, "ಈಕೆಯನ್ನ ನಂಗೆ ಕೊಡಿ, ಕಲೆ ಕಾಣೋ ಕಣ್ಣು ನಮ್ಮಲ್ಲೇ ಕಡಿಮೆ" ಎಂದು ತಮ್ಮ ವಿಭಾಗಕ್ಕೆ ಕರೆಸಿಕೊಂಡರು. ಓದು ಏಳನೆಯದಕ್ಕೆ ನಿಂತವಳಿಗೆ ಕೊಳವೆಯ ಒಂದೊಂದು ತೂತಿನ ಹೆಸರನ್ನೂ ಅವರೇ ನಿಂತು ಕಲಿಸಿದರು. ಆ ಋಣ ಅವಳ ತಲೆಯ ಮೇಲೆ ಯಾವಾಗಲೂ ಇತ್ತು. ಇದನ್ನು ಈಗಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಆದದ್ದರಲ್ಲಿ ಅವರನ್ನು ರಾಕ್ಷಸ ಅಂದುಕೊಳ್ಳಬಾರದು.

ತೊಳೆಯುವ ಕೋಣೆಯಲ್ಲಿ ಒಂದು ರಿಜಿಸ್ಟರು. ಯಾವ ಕೊಳವೆ, ಯಾರ ಪರೀಕ್ಷೆಯಿಂದ ಬಂತು, ತೊಳೆಯಲು ಹಾಕಿದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಕ್ರಿಮಿ ಕೊಲ್ಲುವ ಔಷಧದ ನೀರಿನಿಂದ ತೆಗೆದದ್ದು ಎಷ್ಟಕ್ಕೆ. ಆ ಪುಸ್ತಕ ಅವಳ ಪ್ರಾಣ. "ಒಬ್ರ ರೋಗ ಇನ್ನೊಬ್ರಿಗೆ ನನ್ನ ಕೈಯಿಂದ ಹೋಗಬಾರದು ಅತ್ತಿಗೆ. ಡಾಕ್ಟ್ರ ಪುಸ್ತಕದಲ್ಲಿ ಏನು ಬೇಕಾದ್ರೂ ಇರಲಿ, ನನ್ನ ಪುಸ್ತಕದಲ್ಲಿ ಒಂದು ನಿಮಿಷ ಸುಳ್ಳಿರಲ್ಲ" ಅನ್ನುತ್ತಿದ್ದಳು. ಬೆಳಗ್ಗೆ ಹೋದ ಕೂಡಲೇ ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಫೋನಿನ ಸಮಯಕ್ಕೆ ಸರಿಮಾಡಿ ಆಮೇಲೆಯೇ ಕೈಗವಸು ಹಾಕುವುದು. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ನಿಮಿಷದಕ್ಕ ಎಂದು ಕರೆಯುತ್ತಿದ್ದರು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಅವಳೇ ನನಗೆ ಹೇಳಿದ್ದು. ಕೊಳವೆಯನ್ನು ಮೊದಲು ಕರುಳಿನ ಕೊನೆಯವರೆಗೆ ದೂಡುತ್ತಾರೆ. ಅದು ಬರೀ ದಾರಿ. ನೋಡುವುದು ಹಿಂದಕ್ಕೆ ಎಳೆದುಕೊಳ್ಳುವಾಗ. ಕರುಳೆಂದರೆ ನೆರಿಗೆ ಹೊಲಿದ ತೋಳಿನ ಹಾಗೆ, ಮಡಿಕೆಯ ಮೇಲೆ ಮಡಿಕೆ. ಒಂದೊಂದು ಮಡಿಕೆಯ ಹಿಂದೂ ಇಣುಕಬೇಕು, ನೀರು ನಿಂತಿದ್ದರೆ ಹೀರಬೇಕು, ಕೊಳೆ ಅಂಟಿದ್ದರೆ ತೊಳೆಯಬೇಕು. ಅಲ್ಲಿ ಸಣ್ಣ ಗಂಟುಗಳು ಇರುತ್ತವಂತೆ. ಕೆಲವು ಅಣಬೆಯಂತೆ ಎದ್ದು ಕಾಣುತ್ತವೆ, ಕೆಲವು ಮೇಣ ಚೆಲ್ಲಿದ ಹಾಗೆ ಚಪ್ಪಟೆ. ಅವೇ ಎಷ್ಟೋ ವರ್ಷಕ್ಕೆ ಕ್ಯಾನ್ಸರ್ ಆಗುವುದು. ಕಂಡಾಗಲೇ ಕಿತ್ತು ತೆಗೆದರೆ ಮುಗಿಯಿತು. ಕಾಣದೆ ಹೋದರೆ ಅದು ಅದರ ಪಾಡಿಗೆ ಬೆಳೆಯುತ್ತದೆ, ನಾವು ನಮ್ಮ ಪಾಡಿಗೆ ಸರಿಯಾಗಿದ್ದೇವೆಂದು ಓಡಾಡಿಕೊಂಡಿರುತ್ತೇವೆ.

ಆಸ್ಪತ್ರೆಗೆ ಒಂದು ಸಂಶೋಧನೆ ಬಂತು. ಎಷ್ಟು ಹೊತ್ತು ನೋಡಿದರೆ ಎಷ್ಟು ಗಂಟು ಸಿಗುತ್ತವೆ ಎಂದು ಲೆಕ್ಕ ಹಾಕುವುದು. ಅದಕ್ಕೊಬ್ಬ ಮೇಡಂ ಬಂದರು. ಸಂಶೋಧನೆಗೆ ಒಪ್ಪಿದ ಪ್ರತಿಯೊಬ್ಬ ರೋಗಿಗೂ ಒಂದು ಫಾರಂ: ಕೊಳವೆ ಕೊನೆ ಮುಟ್ಟಿದ್ದು ಎಷ್ಟಕ್ಕೆ, ಹೊರಗೆ ಬಂದದ್ದು ಎಷ್ಟಕ್ಕೆ. ನಡುವೆ ಆರು ನಿಮಿಷಕ್ಕೆ ಕಡಿಮೆ ಇರಬಾರದು. ಆ ಎರಡು ಸಮಯ ಬರೆಯುವ ಕೆಲಸ, ಕೊಳವೆ ಒಯ್ಯಲು ಪರೀಕ್ಷೆಯ ಕೋಣೆಯಲ್ಲೇ ನಿಲ್ಲುತ್ತಿದ್ದ ನಿಮಿಷದಕ್ಕನಿಗೇ ಬಂತು. ಇನ್ನಾರಿಗೆ ಬರಬೇಕು?

ಮೊದಲ ದಿನವೇ ಅವಳು, "ಡಾಕ್ಟ್ರೇ, ನಾಲ್ಕು ನಿಮಿಷ ಆಯ್ತು" ಎಂದಳಂತೆ. ದೊಡ್ಡ ಡಾಕ್ಟರು ನಕ್ಕರು. "ಆರು ಅಂತ ಬರಿಯಮ್ಮ. ಬೇರೆಯವರು ಹತ್ತು ನಿಮಿಷದಲ್ಲಿ ನೋಡೋದನ್ನ ನಾನು ನಾಲ್ಕರಲ್ಲಿ ನೋಡ್ತೀನಿ. ಹೊರಗೆ ಇಪ್ಪತ್ತೆರಡು ಜನ ಹಸ್ಕೊಂಡು ಕೂತಿದಾರೆ, ಅವರಿಗೆ ಯಾರು ಉತ್ತರ ಹೇಳ್ತಾರೆ?"

ಅವಳು ಆರು ಎಂದು ಬರೆದಳು. ಮರುದಿನವೂ ಬರೆದಳು. ಆಮೇಲೆ ಅವರು ಹೇಳುವುದೂ ಬೇಕಾಗಲಿಲ್ಲ. ಕೊನೆ ಮುಟ್ಟಿದ ಸಮಯಕ್ಕೆ ಆರು ಕೂಡಿಸಿ ಮೊದಲೇ ಬರೆದಿಟ್ಟು, ಆಮೇಲೆ ಕೊಳವೆಗಾಗಿ ಕಾಯುವುದು ಅಭ್ಯಾಸವಾಯಿತು. ಅದು ಡಾಕ್ಟರ ಪುಸ್ತಕ, ನನ್ನದಲ್ಲ ಎಂದು ಅವಳ ಮನಸ್ಸು. ಅವರೊಡನೆ ಕೆಲಸ ಮಾಡುವ ಇನ್ನೊಬ್ಬ ಡಾಕ್ಟರಮ್ಮ ಇದ್ದರು, ನಿಧಾನ. ಅವರಿಗೆ ಆಮೆ ಡಾಕ್ಟರು ಎಂದು ಹೆಸರು. ಅವರಿಗೆ ಏನನ್ನೂ ಕೂಡಿಸಿ ಬರೆಯಬೇಕಾಗುತ್ತಿರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಅವರ ದಿನಗಳಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಎಂದು ಎಲ್ಲರೂ ಗೊಣಗುತ್ತಿದ್ದರು. ನಾದಿನಿಯೂ.

ಹೀಗಿರುವಾಗ ನಮ್ಮ ಬೀದಿಯಲ್ಲಿ ಐವತ್ತು ದಾಟಿದವರಿಗೆಲ್ಲ ಒಂದೊಂದು ಸಣ್ಣ ಡಬ್ಬಿ ಹಂಚಿದರು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆ. ಯಜಮಾನರದು 'ಇದೆ' ಎಂದು ಬಂತು. "ಅರವತ್ಮೂರು ವರ್ಷ ದುಡಿದಿದೀನಿ, ಒಂದು ಹನಿ ರಕ್ತ ಸುರಿಸಬಾರದಾ?" ಎಂದು ತಳ್ಳಿಹಾಕಿದರು. ನಾದಿನಿ ಬಿಡಲಿಲ್ಲ. ಕಾಲು ಹಿಡಿದಳು, ಊಟ ಬಿಟ್ಟಳು, "ನಾನು ಅಲ್ಲೇ ಇರ್ತೀನಲ್ಲ ಅಣ್ಣ" ಎಂದಳು. ಕೊನೆಗೆ ಒಪ್ಪಿದರು. ಹೊಟ್ಟೆ ಖಾಲಿ ಮಾಡುವ ಆ ಔಷಧದ ನೀರು ಕುಡಿದು ಎರಡು ಹೊತ್ತು ಕಕ್ಕಸಿನಲ್ಲೇ ವಾಸ. ಒಳಗಿಂದಲೇ ಕೂಗುತ್ತಿದ್ದರು, "ಲೇ, ಹೊಲಿಗೆ ಯಂತ್ರಾನ ಇಲ್ಲೇ ತಂದಿಡು, ಎರಡು ಪ್ಯಾಂಟಾದ್ರೂ ಮುಗಿಸ್ತೀನಿ!"

ಪರೀಕ್ಷೆ ದೊಡ್ಡ ಡಾಕ್ಟರ ಕೈಯಲ್ಲಿ ಆಯಿತು. ಮನೆಗೆ ಬಂದವರು ದೊರೆಯಂತೆ ಬಂದರು. "ಒಳಗೆಲ್ಲ ಕನ್ನಡಿ ಇದ್ದ ಹಾಗಿದೆಯಂತೆ. ರಕ್ತ ಮೂಲವ್ಯಾಧಿದು ಇರಬೇಕು ಅಂದ್ರು. ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕಬೇಡಿ ಅಂದ್ರು." ಬೀದಿಗೆಲ್ಲ ಹೇಳಿದರು. ನಮ್ಮ ತಂಗಿ ಪಕ್ಕದಲ್ಲೇ ನಿಂತಿದ್ದಳು, ನೋಡಿದ್ದಾಳೆ ಎಂದೂ ಹೇಳಿದರು.

ತಂಗಿ ಮಾತ್ರ ಅವತ್ತಿನಿಂದ ಅಣ್ಣನ ಎದುರು ಕೂತು ಉಣ್ಣುವುದನ್ನು ಬಿಟ್ಟಳು. ತಟ್ಟೆ ಹಿಡಿದು ಒಲೆಯ ಕಡೆ ಮುಖ ಮಾಡಿ ನಿಂತು ಉಣ್ಣುವಳು. ನಾನು ಕೇಳಲಿಲ್ಲ. ಕೇಳಿದರೆ ಬಾಯಿ ಮುಚ್ಚುವ ಹೆಂಗಸು ಅವಳು. ಸುಮ್ಮನೆ ಪಕ್ಕದಲ್ಲಿ ಇದ್ದರೆ ತಾನಾಗಿ ಹೇಳುತ್ತಾಳೆ. ಒಂದೆರಡು ಸಲ ಅಣ್ಣನಿಗೆ, "ಇನ್ನೊಂದ್ಸಲ ಆಮೆ ಡಾಕ್ಟ್ರ ಹತ್ರ ತೋರಿಸೋಣ್ವಾ?" ಎಂದಳು. "ನಿಂಗೇನು ತಲೆ ಕೆಟ್ಟಿದೆಯಾ? ಒಗೆದ ಬಟ್ಟೇನೇ ಒಗೀತಾರಾ?" ಎಂದು ಅವರು ಗದರಿಸಿದರು. ಹೀಗೆ ಎರಡೂವರೆ ತಿಂಗಳು ಹೋಯಿತು.

ಒಂದು ಶನಿವಾರ ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆವು. ಅವಳು ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿದಳು.

"ಅತ್ತಿಗೆ, ಅಣ್ಣಂದು ಮೂರೂವರೆ ನಿಮಿಷ."

ನನಗೆ ತಿಳಿಯಲಿಲ್ಲ.

"ಹನ್ನೊಂದು ಎರಡಕ್ಕೆ ಕೊನೆ ಮುಟ್ಟಿದ್ರು. ಹನ್ನೊಂದು ಐದೂವರೆ ನಿಮಿಷಕ್ಕೆ ಹೊರಗಿದ್ರು. ನಾನು ಹನ್ನೊಂದು ಎಂಟು ಅಂತ ಬರೆದೆ. ಬಲಗಡೆ ಒಂದು ಮಡಿಕೇಲಿ ನೀರು ನಿಂತಿತ್ತು. ಹೀರ್ಲಿಲ್ಲ. 'ಡಾಕ್ಟ್ರೇ, ಅಲ್ಲಿ ನೀರು' ಅಂದೆ. 'ನೋಡ್ದೆ, ನೋಡ್ದೆ' ಅಂದ್ರು. ನಂಗೆ ಎರಡನೇ ಸಲ ಹೇಳೋಕೆ ಬಾಯಿ ಬರ್ಲಿಲ್ಲ."

ಒದ್ದೆ ಅಂಗಿ ನನ್ನ ಕೈಯಲ್ಲೇ ಉಳಿಯಿತು. ರಕ್ತ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ನಾವು ಎರಡೂವರೆ ತಿಂಗಳು ನಗುತ್ತ ಇದ್ದೆವು. ಆ ಕ್ಷಣಕ್ಕೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. "ಈಗ ಯಾಕೆ ಹೇಳ್ತಿದೀಯ?" ಎಂದೆ.

ಈಗ ಯಾಕೆಂದರೆ, ಆ ಸಂಶೋಧನೆಯ ಮೇಡಂ ಎರಡು ಪುಸ್ತಕವನ್ನೂ ಎದುರುಬದುರು ಇಟ್ಟು ಕೂತಿದ್ದರು. ಅವರಿಗೆ ಒಂದು ವಿಚಿತ್ರ ಕಂಡಿತ್ತು. ಫಾರಮಿನಲ್ಲಿ ಇಬ್ಬರು ಡಾಕ್ಟರೂ ಆರು ನಿಮಿಷಕ್ಕೆ ಕಡಿಮೆ ಇಲ್ಲ. ಆದರೆ ನೂರು ಜನರನ್ನು ನೋಡಿದರೆ ಆಮೆ ಡಾಕ್ಟರಿಗೆ ಮೂವತ್ತು ಜನರಲ್ಲಿ ಗಂಟು ಸಿಗುತ್ತದೆ, ದೊಡ್ಡ ಡಾಕ್ಟರಿಗೆ ಹತ್ತು ಜನರಲ್ಲಿ. ಒಂದೇ ಊರಿನ ಜನ, ಇಬ್ಬರಿಗೆ ಬೇರೆ ಬೇರೆ ಕರುಳು ಹೇಗೆ? ಮೇಡಂ ಯೋಚಿಸಿ ಯೋಚಿಸಿ ತೊಳೆಯುವ ಕೋಣೆಯ ರಿಜಿಸ್ಟರು ತರಿಸಿದರು. ಒಬ್ಬರದು ನೋಡಿದರೆ, ಫಾರಮಿನಲ್ಲಿ ಕೊಳವೆ ಹೊಟ್ಟೆಯಿಂದ ಹೊರಬಂದದ್ದು ಹತ್ತು ಇಪ್ಪತ್ತಾರಕ್ಕೆ. ರಿಜಿಸ್ಟರಿನಲ್ಲಿ ತೊಳೆಯಲು ಹಾಕಿದ್ದು ಹತ್ತು ಇಪ್ಪತ್ತೈದಕ್ಕೆ.

"ಅಕ್ಕಾ, ಕೊಳವೆ ಒಳಗಿರುವಾಗಲೇ ಅದನ್ನ ತೊಳೆದಿದೀರಲ್ಲ, ಹೇಗೆ?" ಎಂದು ಕೇಳಿದರಂತೆ. ಮೇಡಂ ನಗುತ್ತಲೇ ಕೇಳಿದ್ದು. ಒಂದು ಪುಸ್ತಕದಲ್ಲಿ ಸುಳ್ಳು ಬರೆದವಳು ಇನ್ನೊಂದರಲ್ಲಿ ನಿಜ ಬರೆದದ್ದು ಅವಳಿಗೇ ನೆನಪಿರಲಿಲ್ಲ. ಎರಡನ್ನೂ ಒಟ್ಟಿಗೆ ಯಾರು ಓದುತ್ತಾರೆ ಅಂದುಕೊಂಡಿದ್ದಳು?

ಹಾಗೆ ತಾಳೆಯಾಗದವರು ನಲವತ್ತೊಂದು ಜನ. ಸೋಮವಾರ ಆಸ್ಪತ್ರೆಯ ಮುಖ್ಯಸ್ಥರ ಮುಂದೆ ದೊಡ್ಡ ಡಾಕ್ಟರೂ ಅವಳೂ ಉತ್ತರ ಹೇಳಬೇಕು.

ಶುಕ್ರವಾರ ಸಂಜೆ ದೊಡ್ಡ ಡಾಕ್ಟರು ತಾವೇ ತೊಳೆಯುವ ಕೋಣೆಗೆ ಬಂದಿದ್ದರಂತೆ, ಅವಳಿಗೆ ಕೆಲಸ ಕಲಿಸಿದ ಮೇಲೆ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ತೊಟ್ಟಿಯ ಅಂಚಿಗೆ ಒರಗಿ, "ಆ ಗೋಡೆ ಗಡಿಯಾರ ನಿಧಾನ ಓಡ್ತಿತ್ತು ಅಂತ ಒಂದು ಮಾತು ಹೇಳಿದ್ರೆ ಸಾಕಮ್ಮ. ಯಾರಿಗೂ ತೊಂದರೆ ಇಲ್ಲ. ನಾಳೆಯಿಂದ ನಾನೂ ನಿಧಾನವಾಗಿ ನೋಡ್ತೀನಿ, ಆಯ್ತಾ?" ಎಂದರು. ಬೆದರಿಕೆಯ ಮಾತೇ ಆಡಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಅನ್ನುತ್ತಾಳೆ.

"ನಿನ್ನ ಗಡಿಯಾರ ನಿಧಾನ ಇತ್ತಾ?" ಎಂದು ಕೇಳಿದೆ.

"ಇಲ್ಲ."

"ಆ ನಲವತ್ತೊಂದರಲ್ಲಿ ನಿಮ್ಮಣ್ಣ ಇದಾರಾ?"

ಅವಳು ಅಳಲು ಶುರುಮಾಡಿದ್ದು ಆಗಲೇ. ಇಲ್ಲ. ಅವತ್ತು ಅಣ್ಣನ ಮಂಚವನ್ನು ತಾನೇ ದೂಡಿಕೊಂಡು ಹೋಗಿ, ಮಂಪರು ಇಳಿಯುವವರೆಗೆ ಕೈ ಹಿಡಿದು ಕೂತು, ಆಮೇಲೆ ಬಂದು ಕೊಳವೆ ತೊಳೆದಿದ್ದಳು. ಹನ್ನೊಂದು ಇಪ್ಪತ್ತಕ್ಕೆ. ಎರಡು ಮೂರು ನಿಮಿಷ ತಡ ಎಷ್ಟೋ ಸಲ ಆಗಿತ್ತು, ಅಷ್ಟು ತಡವಾಗಿ ತೊಳೆದದ್ದು ಅದೊಂದೇ ಸಲ. ಹಾಗಾಗಿ ಅಣ್ಣನ ವಿಷಯದಲ್ಲಿ ಎರಡು ಪುಸ್ತಕವೂ ಸರಿಯಾಗಿ ಹೊಂದುತ್ತಿದ್ದವು. ಕೇಳಿದ್ದಕ್ಕಷ್ಟೇ ಉತ್ತರ ಹೇಳಿದರೆ ನಲವತ್ತೊಂದು ಜನರನ್ನು ಮತ್ತೆ ಕರೆಸುತ್ತಾರೆ; ಅಣ್ಣನನ್ನು ಕರೆಸುವುದಿಲ್ಲ.

ಆ ಭಾನುವಾರ ನಾನು ಅವಳೊಡನೆ ಮಾತು ಬಿಟ್ಟೆ. ಯಜಮಾನರು, "ಏನ್ರೇ ಇಬ್ರೂ? ಅತ್ತಿಗೆ ನಾದಿನಿ ಜಗಳಾನಾ? ಆಡ್ರೇ ಜೋರಾಗಿ, ನಾನೂ ಕೇಳ್ತೀನಿ, ಅಂಗಡಿ ರಜಾ ಇದೆ" ಎಂದು ಛೇಡಿಸಿದರು. ನಾನು ಅವರ ಹೊಟ್ಟೆಯ ಕಡೆಗೇ ನೋಡುತ್ತಿದ್ದೆ. ಅಲ್ಲಿ ಒಳಗೆ ಏನಿದೆಯೋ, ಏನೂ ಇಲ್ಲವೋ.

ಸೋಮವಾರ ಆದದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. ಉದ್ದ ಮೇಜು. ಮುಖ್ಯಸ್ಥರು, ಮೇಡಂ, ಈ ಕಡೆ ದೊಡ್ಡ ಡಾಕ್ಟರು. ಇವಳಿಗೂ ಕುರ್ಚಿ ಹಾಕಿದ್ದರು, ಕೂರಲಿಲ್ಲ. ಮೊದಲು ಡಾಕ್ಟರನ್ನೇ ಕೇಳಿದರು. ಅವರು, "ಗಡಿಯಾರದ ತೊಂದರೆ ಇರಬಹುದು. ಆಕೆಯನ್ನೇ ಕೇಳಿ" ಎಂದರು.

ಇವಳಿಗೆ ಅವರ ಮುಖ ನೋಡಲು ಆಗಲಿಲ್ಲ. ಮೇಜಿನ ಮೇಲಿದ್ದ ತನ್ನ ರಿಜಿಸ್ಟರನ್ನೇ ನೋಡುತ್ತ, "ಗಡಿಯಾರ ಸರಿ ಇತ್ತು ಸಾರ್" ಎಂದಳು.

ಮುಖ್ಯಸ್ಥರು ಫಾರಮುಗಳ ಕಟ್ಟನ್ನು ಅವಳ ಕಡೆ ತಿರುಗಿಸಿದರು.

"ಫಾರಂ ಬರೆದೋಳು ನಾನು. ನಲವತ್ತೊಂದಲ್ಲ ಸಾರ್. ದೊಡ್ಡ ಡಾಕ್ಟ್ರದು ಎಲ್ಲಾನೂ ಹಾಗೇ ಬರೆದಿದೀನಿ. ತೊಳೆಯೋದು ತಡ ಆದ ದಿನ ಪುಸ್ತಕ ಹೊಂದಿಕೊಂಡಿದೆ ಅಷ್ಟೆ. ನೂರ ಅರವತ್ಮೂರು ಜನ."

ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕಾ, ಯೋಚನೆ ಮಾಡಿ ಹೇಳ್ತಿದೀರಾ? ಇದು ನಿಮ್ಮ ಕೈಬರಹ."

"ನಂದೇ. ಅದ್ರಲ್ಲಿ ನನ್ನ ಒಡಹುಟ್ಟಿದೋನೂ ಇದಾನೆ."

ದೊಡ್ಡ ಡಾಕ್ಟರು ಆಗ ತಲೆ ಎತ್ತಿದರಂತೆ. "ಯಾಕೆ ಹೇಳ್ಲಿಲ್ಲಮ್ಮ ನೀನು, ಅವತ್ತು ನಿಮ್ಮಣ್ಣ ಅಂತ?"

"ಹೇಳಿದ್ರೆ ನಿಧಾನವಾಗಿ ನೋಡ್ತಿದ್ರಾ ಡಾಕ್ಟ್ರೇ?"

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಎದ್ದು ಹೋಗುವಾಗ ಮುಖ್ಯಸ್ಥರಿಗೆ, "ಆಕೆ ಹೇಳಿದ್ದು ಸರಿ, ಬರೆಯೋಕೆ ಹೇಳಿದ್ದು ನಾನು" ಎಂದು ಹೇಳಿ ಹೋದರು. ವಿಚಾರಣೆ ಮುಗಿಯುವವರೆಗೆ ಅವರು ಕೊಳವೆ ಮುಟ್ಟುವ ಹಾಗಿಲ್ಲ ಎಂದಾಯಿತು. ಇವಳು ಮರುದಿನದಿಂದ ಮತ್ತೆ ಬಟ್ಟೆ ಒಗೆಯುವ ಕಡೆ.

ಆಸ್ಪತ್ರೆಯಿಂದ ಒಬ್ಬೊಬ್ಬರಿಗೂ ಫೋನು ಹೋಯಿತು. ನಮ್ಮ ಅಂಗಡಿಗೂ ಬಂತು. ನಾನು ಕಾಜಾ ಹೊಲಿಯುತ್ತ ಅಲ್ಲೇ ಕೂತಿದ್ದೆ. ಯಜಮಾನರು ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿಸಿಕೊಂಡರು, ಆಮೇಲೆ ದನಿ ಏರಿಸಿದರು. "ಯಾರ್ರೀ ನೀವು? ಪರೀಕ್ಷೆ ಅರ್ಧಂಬರ್ಧ ಆಗಿರಬಹುದು ಅಂದ್ರೆ ಏನರ್ಥ? ನನ್ನ ತಂಗಿ ಅಲ್ಲೇ ನಿಂತಿದ್ಲು ಕಣ್ರೀ! ಅವಳಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಫೋನು ಕುಕ್ಕಿ ನನ್ನ ಕಡೆ ತಿರುಗಿ, "ನೋಡಿದ್ಯೇನೇ? ಇನ್ನೊಂದು ಸಲ ಆ ನೀರು ಕುಡಿಸ್ತಾರಂತೆ. ಸತ್ರೂ ಕುಡಿಯಲ್ಲ."

ನಾನು ಹೇಳಬಹುದಿತ್ತು. ಆದರೆ ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ.

ಸಂಜೆ ಅವಳು ಕೆಲಸದಿಂದ ಬಂದು ಮನೆಗೆ ಹತ್ತಲಿಲ್ಲ, ನೇರ ಅಂಗಡಿಗೇ ಬಂದಳು. ಒಬ್ಬ ಗಿರಾಕಿ ಕೋಟು ಹಾಕಿ ನೋಡುತ್ತಿದ್ದ. ಅವನು ಹೋಗುವವರೆಗೆ ಬಾಗಿಲಲ್ಲಿ ನಿಂತಳು.

"ಅಣ್ಣ, ಫೋನ್ ಬಂದಿತ್ತಂತೆ."

"ಬಂದಿತ್ತು. ಬೈದು ಇಟ್ಟಿದೀನಿ. ನಿಮ್ಮ ಆಸ್ಪತ್ರೆಯೋರಿಗೆ ಬೇರೆ ಕೆಲಸ ಇಲ್ವಾ?"

"ಅವರು ಹೇಳಿದ್ದು ನಿಜ. ಮೂರೂವರೆ ನಿಮಿಷ ಅಷ್ಟೆ ನೋಡಿದ್ದು. ಆರು ಅಂತ ಸುಳ್ಳು ಬರೆದೋಳು ನಾನೇ."

ಯಜಮಾನರು ಮೊದಲು ನಕ್ಕರು. ತಮಾಷೆ ಅಂದುಕೊಂಡಿರಬೇಕು. ಅವಳ ಮುಖ ನೋಡುತ್ತ ನೋಡುತ್ತ ನಗು ನಿಂತಿತು. ಸೀಮೆಸುಣ್ಣದ ಚೂರು ಕೈಯಲ್ಲಿತ್ತು, ಅದನ್ನು ಪುಡಿ ಮಾಡಿದರು.

"ನೀನು ನೋಡ್ತಿದ್ದೆ."

"ನೋಡ್ತಿದ್ದೆ."

"ಎರಡೂವರೆ ತಿಂಗಳು ನಾನು ಬೀದಿ ತುಂಬ ಡಂಗುರ ಸಾರಿದೆ. ನೀನು ಮೇಲೆ ಕೂತು ಕೇಳ್ತಿದ್ದೆ."

"ಕೇಳ್ತಿದ್ದೆ ಅಣ್ಣ."

"ಅಳತೇನೇ ತೆಗೀದೆ ಅಳತೆ ಪುಸ್ತಕದಲ್ಲಿ ಬರ್ಕೊಂಡ್ಯಲ್ಲೇ. ನಮ್ಮಪ್ಪ ಹಾಗೆ ಮಾಡಿದ್ರೆ ಕೈ ಮುರೀತಿದ್ದ." ದನಿ ಏರಲೇ ಇಲ್ಲ. ಏರಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಹೋಗು. ಮೇಲೆ ಹೋಗು. ನನ್ನ ಕಣ್ಮುಂದೆ ನಿಲ್ಬೇಡ."

ಅವಳು ಹೋಗಲಿಲ್ಲ. "ನೀನು ಪರೀಕ್ಷೆಗೆ ಬರ್ತೀನಿ ಅನ್ನೋವರೆಗೂ ಇಲ್ಲೇ ನಿಲ್ತೀನಿ. ಹೊಡೀಬೇಕಂದ್ರೆ ಹೊಡಿ" ಎಂದಳು. ನಿಂತೇ ಇದ್ದಳು. ಅಂಗಡಿ ಮುಂದೆ ಹೋಗುವವರು ಇಣುಕಿ ನೋಡಿ ಹೋದರು. ಅವರು ಒಂದು ಪ್ಯಾಂಟಿನ ಎರಡು ಕಾಲನ್ನೂ ಹೊಲಿದು ಮುಗಿಸಿದರು, ಎರಡು ಸಲ ದಾರ ಕಡಿಯಿತು. ಕೊನೆಗೆ ತಲೆ ಎತ್ತದೆ, "ಯಾವತ್ತಂತೆ?" ಎಂದರು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಆಮೆ ಡಾಕ್ಟರ ಹತ್ತಿರ. ನಾದಿನಿಗೆ ಆ ಕೋಣೆಗೆ ಪ್ರವೇಶವಿಲ್ಲ. ಹದಿನಾಲ್ಕು ವರ್ಷ ಒಳಗೆ ನಿಂತವಳು ಹೊರಗೆ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಎದುರಿಗೆ ಗೋಡೆಯ ಮೇಲೆ ಗಡಿಯಾರ. ನಾನು ಅವಳೊಡನೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಆದರೆ ಆ ಬೆಂಚಿನ ಮೇಲೆ ನನಗೆ ಬೇರೆ ಯಾರಿದ್ದರು?

ಒಬ್ಬ ನರ್ಸು ಬಾಗಿಲು ತೆರೆದು ಇವಳನ್ನು ನೋಡಿ, ಕೇಳದೆಯೇ, "ಕೊನೆ ಮುಟ್ಟಿದ್ರು ಅಕ್ಕ, ಒಂಬತ್ತು ಹನ್ನೆರಡು" ಎಂದು ಹೇಳಿ ಬಾಗಿಲು ಹಾಕಿದಳು.

"ಈಗ ನೋಡೋಕೆ ಶುರು" ಎಂದಳು ನಾದಿನಿ. "ಏನೂ ಇಲ್ಲದಿದ್ರೆ ಇವರಿಗೆ ಹತ್ತು ನಿಮಿಷ. ಇಪ್ಪತ್ತೆರಡಕ್ಕೆ ಹೊರಗೆ."

ಹದಿನಾರು ಆಯಿತು. ಮೂರೂವರೆ ನಿಮಿಷ ಕಳೆದೇ ಹೋಯಿತು ಎಂದು ನನಗೆ ಆಗ ಹೊಳೆಯಿತು. ಇಷ್ಟೇನಾ? ಒಂದು ಲೋಟ ಚಹಾ ಆರುವಷ್ಟೂ ಆಗಲಿಲ್ಲವಲ್ಲ. ಹದಿನೆಂಟು. ಆರು ನಿಮಿಷ. ಇಪ್ಪತ್ತೆರಡು. ಬಾಗಿಲು ತೆರೆಯಲಿಲ್ಲ. ಅವಳು ನನ್ನ ಮೊಣಕೈ ಹಿಡಿದಳು.

"ಬಟ್ಟೆ ಹಾಕಿಸ್ತಿರಬಹುದು" ಎಂದೆ.

"ಇಲ್ಲ ಅತ್ತಿಗೆ. ಕೊಳವೆ ಹೊರಗೆ ಬಂದ್ರೆ ಮೊದಲು ನೀರು ಹೀರೋ ಯಂತ್ರದ ಸದ್ದು ನಿಲ್ಲುತ್ತೆ. ಕೇಳಿ, ನಿಂತಿಲ್ಲ."

ಇಪ್ಪತ್ತಾರು. ಇಪ್ಪತ್ತೊಂಬತ್ತು. ಅವಳು ಎದ್ದು ಬಾಗಿಲಿಗೆ ಕಿವಿಯಿಟ್ಟು ಮತ್ತೆ ಬಂದು ಕೂತಳು. ಮೂವತ್ನಾಲ್ಕಕ್ಕೆ, "ಏನೋ ಸಿಕ್ಕಿದೆ" ಎಂದಳು, ನನ್ನ ಕಡೆ ನೋಡದೆ. ನಾನು ದೇವರನ್ನು ಕರೆಯಲಿಲ್ಲ, ಯಾರನ್ನೂ ಕರೆಯಲಿಲ್ಲ, ಮುಳ್ಳನ್ನೇ ನೋಡುತ್ತಿದ್ದೆ. ನಲವತ್ತೊಂದಕ್ಕೆ ಸದ್ದು ನಿಂತಿತು.

ಆಮೆ ಡಾಕ್ಟರು ಹೊರಗೆ ಬಂದು ನಮ್ಮ ಪಕ್ಕದಲ್ಲೇ ಕೂತರು. ನಿಂತುಕೊಂಡು ಹೇಳದೆ ಕೂತು ಹೇಳುತ್ತಾರೆಂದರೆ ಒಳ್ಳೆಯ ಸುದ್ದಿ ಅಲ್ಲ ಎಂದು ಆಗಲೇ ತಿಳಿಯಿತು.

"ಬಲಗಡೆ, ಒಂದು ಮಡಿಕೆಯ ಹಿಂದೆ, ಚಪ್ಪಟೆ. ಎರಡು ಹೆಬ್ಬೆರಳಷ್ಟು ಅಗಲ. ಕೊಳವೆಯಲ್ಲೇ ತೆಗೀಬಹುದಾ ಅಂತ ಎತ್ತಿ ನೋಡಿದೆ, ನಡುವೆ ಅಂಟಿಕೊಂಡಿದೆ, ಮೇಲೆ ಏಳ್ತಿಲ್ಲ. ಚೂರು ತೆಗೆದು ಕಳಿಸಿದೀನಿ. ಆಪರೇಷನ್ ಬೇಕಾಗುತ್ತೆ ಅನ್ಸುತ್ತೆ."

"ನೀರು ನಿಂತಿತ್ತಾ ಡಾಕ್ಟ್ರೇ ಅಲ್ಲಿ?" ಎಂದು ನಾದಿನಿ ಕೇಳಿದಳು.

"ನಿಂತಿತ್ತು. ಹೀರಿದ ಮೇಲೇ ಕಂಡಿದ್ದು."

"ಮೂರು ತಿಂಗಳ ಹಿಂದೆನೂ ಇತ್ತಾ?"

"ಇದ್ದೇ ಇರುತ್ತೆ. ಆಗ ಇನ್ನೂ ಎಷ್ಟಿತ್ತು ಅಂತ ನನ್ನ ಕೇಳ್ಬೇಡಿ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ."

ಚೂರಿನ ವರದಿ ಕ್ಯಾನ್ಸರ್ ಎಂದೇ ಬಂತು. ಎರಡು ವಾರಕ್ಕೆ ಆಪರೇಷನ್. ಬಲಭಾಗದ ಕರುಳನ್ನು ಒಂದು ಮೊಳದಷ್ಟು ತೆಗೆದು ಉಳಿದದ್ದನ್ನು ಜೋಡಿಸಿದರು. ತೆಗೆದ ಕರುಳಿನ ವರದಿಗೆ ಮತ್ತೆ ಹತ್ತು ದಿನ ಕಾಯಬೇಕು. ಕ್ಯಾನ್ಸರ್ ಕರುಳಿನ ಗೋಡೆ ದಾಟಿ ಪಕ್ಕದ ಗ್ರಂಥಿಗೆ ಇಳಿದಿದ್ದರೆ ಒಂದು ದಾರಿ, ಇಳಿಯದಿದ್ದರೆ ಇನ್ನೊಂದು. ಆ ಹತ್ತು ದಿನವೂ ಯಜಮಾನರು ತಂಗಿಯೊಡನೆ ಮಾತಾಡಲಿಲ್ಲ. ಅವಳು ತಂದ ನೀರು ಕುಡಿಯುತ್ತಿದ್ದರು, ಅವಳು ಹಿಡಿದರೆ ಎದ್ದು ನಡೆಯುತ್ತಿದ್ದರು, ಮಾತಿಲ್ಲ. ಅವಳೂ ಬಾಯಿ ಬಿಟ್ಟು ಕ್ಷಮಿಸು ಎನ್ನಲಿಲ್ಲ. ಬೆಳಗ್ಗೆ ಒಗೆಯುವ ಕಡೆ ಕೆಲಸ, ಸಂಜೆ ಅಣ್ಣನ ಮಂಚದ ಕಾಲಬಳಿ.

ಹತ್ತನೆಯ ದಿನ ಮಧ್ಯಾಹ್ನ ವರದಿ ಬಂತು. ಆಪರೇಷನ್ ಮಾಡಿದ ಡಾಕ್ಟರು ಹಾಳೆಯಿಂದ ತಲೆ ಎತ್ತಿ, "ದಾಟಿಲ್ಲ" ಎಂದರು. ಹದಿನೇಳು ಗ್ರಂಥಿ ನೋಡಿದ್ದಾರೆ, ಒಂದರಲ್ಲೂ ಇಲ್ಲ. ಮುಂದೆ ಔಷಧ ಬೇಡ, ವರ್ಷಕ್ಕೆ ಮತ್ತೆ ಕೊಳವೆ. ನಾನು ಮಂಚದ ಕಂಬಿ ಹಿಡಿದುಕೊಂಡೆ. ನಾದಿನಿ ಮಾತ್ರ ಅಲ್ಲಾಡದೆ ನಿಂತಿದ್ದಳು.

ಡಾಕ್ಟರು ಹೋದ ಮೇಲೆ ಯಜಮಾನರು ಅವಳ ಕಡೆ ತಿರುಗಿದರು.

"ಒಟ್ಟು ಎಷ್ಟು ಜನಕ್ಕೆ ಹಾಗೆ ಬರೆದೆ?"

"ನೂರ ಅರವತ್ಮೂರು."

"ಎಲ್ಲ ಬಂದ್ರಾ?"

"ಹನ್ನೊಂದು ಜನ ಬಂದಿಲ್ಲ. ಫೋನ್ ಮಾಡಿದ್ರೆ, ಕ್ಲೀನ್ ಅಂದಿದೀರಲ್ಲ, ಮತ್ಯಾಕೆ ಅಂತಾರಂತೆ. ಕೆಲವರು ಎತ್ತೋದೇ ಇಲ್ಲ."

"ನಾನೂ ಅದೇ ಅಂದಿದ್ದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು, ಹೊಲಿಗೆ ಇನ್ನೂ ಎಳೆಯುತ್ತಿತ್ತು. "ಫೋನಿನ ಮಾತಿಗೆ ನಾನು ಬಂದ್ನಾ? ಇಲ್ಲಿ ನನ್ನ ಕಾಲು ಕಾಯ್ತಾ ಕೂತು ಏನ್ ಮಾಡ್ತೀಯ? ಹೋಗು."

ಮೇಡಂ ಹತ್ತಿರ ಕೇಳಿ, ಅವರ ಅನುಮತಿಯಿಂದ ಅವರ ಜೊತೆಯಲ್ಲೇ ಹೋದಳು. ಅವಳ ವಿಚಾರಣೆ ಇನ್ನೂ ಮುಗಿದಿರಲಿಲ್ಲ, ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ. ಮೊದಲ ಭಾನುವಾರ ಮೂರು ಮನೆ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ಒಬ್ಬ ಮುದುಕಿ, ನನ್ನ ವಯಸ್ಸಿನವಳೇ, ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು ಮರುದಿನವೇ ಬರುತ್ತೇನೆಂದಳಂತೆ. ಮೂರನೆಯದು ಒಬ್ಬ ಲಾರಿ ಡ್ರೈವರನ ಮನೆ, ಮೂರನೇ ಮಹಡಿ. ಅವನು ಬಾಗಿಲನ್ನು ಅರ್ಧ ತೆರೆದು, "ಏನಮ್ಮ, ಮನೆತನಕ ಬಂದ್ಬಿಟ್ರಾ? ಕ್ಲೀನ್ ಅಂತ ಬರೆದು ಕೊಟ್ಟಿದೀರಲ್ಲ" ಎಂದನಂತೆ.

"ಹೊತ್ತು ತಪ್ಪಾಗಿ ಬರೆದೋಳು ನಾನು. ನಿಮ್ಮನ್ನ ಸರಿಯಾಗಿ ನೋಡಿಲ್ಲ" ಎಂದು ಇವಳು ಹೇಳಿದಳು. ಅವನು ಏನು ಬೈದನೆಂದು ನನಗೆ ಹೇಳಲಿಲ್ಲ. ಮೇಡಂ ಕಿವಿ ಮುಚ್ಚಿಕೊಂಡರು ಎಂದಷ್ಟೇ ಹೇಳಿದಳು. ಬಾಗಿಲು ಮುಖದ ಮೇಲೆ ಹಾಕಿಕೊಂಡಿತು. ಇಬ್ಬರೂ ಎರಡು ಮಹಡಿ ಇಳಿದಿದ್ದರು. ಮೇಲಿನಿಂದ ಚಪ್ಪಲಿ ಇಲ್ಲದ ಕಾಲಿನ ಸದ್ದು. ಡ್ರೈವರನ ಹೆಂಡತಿ, ಕೈಯಲ್ಲಿ ಇನ್ನೂ ಸೋಪಿನ ನೊರೆ, ಏದುಸಿರು ಬಿಡುತ್ತ ಮೆಟ್ಟಿಲ ಕಂಬಿ ಹಿಡಿದು ನಿಂತು ಕೇಳಿದಳಂತೆ:

"ಅಕ್ಕಾ, ಯಾವ ದಿನ ಕರ್ಕೊಂಡು ಬರಲಿ?"